ಗುಡ್ಡ ಕೊಟ್ಟ ವೇಗವನ್ನು ಎಲ್ಲಿ ಬಿಡಬೇಕು?

ಡೌನ್‌ಹಿಲ್ ರೇಸು ಮುಗಿದ ಮೇಲೆ ನಮ್ಮ ಗುಂಪಿನಲ್ಲಿ ಏಳುವ ಮೊದಲ ಜಗಳ ತೂಕದ್ದು. ಗೆದ್ದವನು ಸ್ವಲ್ಪ ದಪ್ಪಗಿದ್ದರಂತೂ ಮುಗೀತು. "ಲೇ, ಗೆದ್ದಿದ್ದು ನಿನ್ನ ಹೊಟ್ಟೆ ಕಣಲೇ, ನೀನಲ್ಲ" ಅಂತ ಸೋತವನು ಶುರು ಮಾಡುತ್ತಾನೆ. ಮಿರ್ಚಿ ಮಂಡಕ್ಕಿ ಖಾಲಿಯಾಗುವವರೆಗೂ ಅದು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ತೂಕ ಇದ್ದವನು ನಿಜಕ್ಕೂ ಬೇಗ ಇಳಿಯುತ್ತಾನಾ? ನೇರ ದಾರಿಯಾದರೆ ಹೌದು. ತಿರುವುಗಳ ದಾರಿಯಾದರೆ ಇಲ್ಲ. ಯಾಕೆ ಅಂತ ಹುಡುಕುತ್ತಾ ಹೋದರೆ ಈ ಆಟದ ಅರ್ಧ ವಿಜ್ಞಾನ ಅಲ್ಲೇ ಸಿಗುತ್ತದೆ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಗುಡ್ಡದ ನೆತ್ತಿಯಿಂದ ಬುಡಕ್ಕೆ ಮೌಂಟೇನ್ ಬೈಕಿನಲ್ಲಿ, ಅಂದರೆ ದಪ್ಪ ಟಯರಿನ ಗೇರ್ ಸೈಕಲ್ಲಿನಲ್ಲಿ, ಒಬ್ಬೊಬ್ಬರಾಗಿ ಇಳಿಯುವುದು. ಯಾರಿಗೆ ಕಡಿಮೆ ಸಮಯ ಹಿಡಿಯಿತೋ ಅವರು ಗೆದ್ದರು. ದೊಡ್ಡ ಅಂತರರಾಷ್ಟ್ರೀಯ ರೇಸುಗಳೂ ನಾಲ್ಕೈದು ನಿಮಿಷದೊಳಗೆ ಮುಗಿದುಹೋಗುತ್ತವೆ. ನಮ್ಮದು ಗೆಳೆಯರ ರೇಸು. ದಾವಣಗೆರೆಯವರು ಬೆಳಗ್ಗೆ ಬೇಗ ಎದ್ದು 60 ಕಿಲೋಮೀಟರ್ ದೂರದ ದುರ್ಗಕ್ಕೆ ಬರುತ್ತಾರೆ, ದುರ್ಗದವರು ಆರಾಮಾಗಿ ತಡವಾಗಿ ಬರುತ್ತಾರೆ. ಗುಡ್ಡಕ್ಕೆ ಇಲ್ಲಿ ಬರವಿಲ್ಲ. ಆದರೆ ಜೋಗಿಮಟ್ಟಿ ವನ್ಯಧಾಮ, ಅಲ್ಲಿ ಕರಡಿ, ಚಿರತೆ ಇವೆ. ಕೋಟೆ ಸಂರಕ್ಷಿತ ಸ್ಮಾರಕ. ಎರಡೂ ಕಡೆ ಸೈಕಲ್ ರೇಸಿನ ಯೋಚನೆಯನ್ನೇ ಬಿಡಬೇಕು. ಊರ ಹೊರಗೆ ಕುರಿ ಮೇಕೆ ತಿರುಗಾಡಿ ಆದ ಕಾಲುದಾರಿಗಳಿವೆ. ಜಾಗದವರನ್ನು ಕೇಳಿ ಒಪ್ಪಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಟ್ರ್ಯಾಕ್ ಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸವಾರ 70 ಕಿಲೋ, ಸೈಕಲ್ಲು 15 ಕಿಲೋ. ದಾರಿಯ ಉದ್ದ 700 ಮೀಟರ್, ಅದರಲ್ಲಿ ಇಳಿಯುವ ಎತ್ತರ 100 ಮೀಟರ್ ಅಂತ ಇಟ್ಟುಕೊಳ್ಳಿ. ಮೇಲೆ ನಿಂತಾಗಲೇ ಸವಾರನ ಹತ್ತಿರ ಸುಮಾರು 83,000 ಜೌಲ್ ಶಕ್ತಿ ಇರುತ್ತದೆ. ಒಂದು ದೊಡ್ಡ ಲೋಟ ತಣ್ಣೀರನ್ನು ಕುದಿ ಬರುವವರೆಗೆ ಕಾಯಿಸಲು ಬೇಕಾದಷ್ಟು. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಇದೆಲ್ಲ ಪೂರ್ತಿ ವೇಗವಾಗಿ ಬದಲಾದರೆ ಕೆಳಗೆ ಬರುವಾಗ ಸೈಕಲ್ಲು ಗಂಟೆಗೆ 159 ಕಿಲೋಮೀಟರ್ ವೇಗದಲ್ಲಿರುತ್ತದೆ! ನಾವು ಬರುವುದು ಹೆಚ್ಚೆಂದರೆ 40ರಲ್ಲಿ. ಆ ವೇಗಕ್ಕೆ ಬೇಕಾದ ಶಕ್ತಿ ಸುಮಾರು 5,000 ಜೌಲ್ ಅಷ್ಟೇ. ಅಂದರೆ ಗುಡ್ಡ ಕೊಟ್ಟದ್ದರಲ್ಲಿ ನೂರಕ್ಕೆ ಆರು ಪಾಲು ಮಾತ್ರ ಕೊನೆಗೆ ಕೈಯಲ್ಲಿ ಉಳಿಯಿತು. ಮಿಕ್ಕ 78,000 ಜೌಲ್ ದಾರಿಯಲ್ಲೇ ಎಲ್ಲೋ ಬಿಟ್ಟು ಬಂದೆವು.

ಹೀಗೆ ನೋಡಿದರೆ ಡೌನ್‌ಹಿಲ್ ಅನ್ನುವುದು ವೇಗ ಪಡೆಯುವ ಸ್ಪರ್ಧೆಯೇ ಅಲ್ಲ. ವೇಗ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಅದನ್ನು ಎಲ್ಲಿ, ಎಷ್ಟು ಕಳೆಯಬೇಕು ಅನ್ನುವುದರಲ್ಲೇ ಸೋಲು ಗೆಲುವು.

ಹಾಗಾದರೆ ಅಷ್ಟು ಶಕ್ತಿ ಎಲ್ಲಿ ಹೋಗುತ್ತದೆ? ಗಾಳಿಗೆ ಸ್ವಲ್ಪ, ಸರಾಸರಿ 30 ಕಿಲೋಮೀಟರ್ ವೇಗದಲ್ಲಿ ಸುಮಾರು 13,000 ಜೌಲ್. ಟಯರ್ ನೆಲದ ಮೇಲೆ ಹಿಸುಕಿಕೊಂಡು ಉರುಳುವುದಕ್ಕೆ, ಮಣ್ಣು ಕಲ್ಲು ಕದಲಿಸುವುದಕ್ಕೆ, ಶಾಕ್ಸ್ ಕುಣಿಯುವುದಕ್ಕೆ ಒಂದು 20,000. ಉಳಿದ 45,000 ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಇದು ಅಂದಾಜು ಲೆಕ್ಕ, ದಾರಿಯಿಂದ ದಾರಿಗೆ ಬದಲಾಗುತ್ತದೆ. ಆದರೂ ದೊಡ್ಡ ಪಾಲು ಯಾರದ್ದು ಅಂತ ಗೊತ್ತಾಗುತ್ತದೆ ಅಲ್ವಾ?

ತೂಕದ ಜಗಳಕ್ಕೆ ಉತ್ತರವೂ ಇಲ್ಲೇ ಇದೆ. ಗಾಳಿ ತಡೆಯುವ ಬಲ ದೇಹದ ಅಗಲ ಮತ್ತು ವೇಗವನ್ನು ನೋಡುತ್ತದೆಯೇ ಹೊರತು ತೂಕವನ್ನಲ್ಲ. ಕೆಳಗೆಳೆಯುವ ಬಲ ಮಾತ್ರ ತೂಕದ ಜೊತೆ ಏರುತ್ತದೆ. 60 ಕಿಲೋದವನಿಗಿಂತ 90 ಕಿಲೋದವನಿಗೆ ಎಳೆತ ಜಾಸ್ತಿ. ಗಾಳಿಯ ತಡೆ ಅದೇ ಲೆಕ್ಕದಲ್ಲಿ ಏರುವುದಿಲ್ಲ, ಯಾಕೆಂದರೆ ಮನುಷ್ಯ ಒಂದೂವರೆ ಪಟ್ಟು ತೂಗಿದರೆ ಒಂದೂವರೆ ಪಟ್ಟು ಅಗಲ ಆಗುವುದಿಲ್ಲ. ಹಾಗಾಗಿ ಉದ್ದನೆಯ ನೇರ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಬಿಟ್ಟರೆ ಭಾರದವನೇ ಮುಂದೆ. ಆದರೆ ಮುಂದೊಂದು ತಿರುವು ಬಂತು ಅನ್ನಿ. ತಿರುಗಲು ಬೇಕಾದ ಬಲವೂ ತೂಕದ ಜೊತೆ ಏರುತ್ತದೆ, ಟಯರಿಗೆ ಸಿಗುವ ಹಿಡಿತವೂ ಅದೇ ಲೆಕ್ಕದಲ್ಲಿ ಏರುತ್ತದೆ. ಎರಡೂ ಕಡೆಯ ತೂಕ ಹೊಡೆದುಹೋಗುತ್ತದೆ. 60 ಕಿಲೋ ಇರಲಿ 90 ಇರಲಿ, ಒಂದು ತಿರುವನ್ನು ಎಷ್ಟು ವೇಗದಲ್ಲಿ ದಾಟಬಹುದು ಅನ್ನುವ ಮಿತಿ ಹೆಚ್ಚು ಕಡಿಮೆ ಒಂದೇ. ಭಾರದವನ ಬ್ರೇಕು ಮಾತ್ರ ಹೆಚ್ಚು ಬಿಸಿಯಾಗುತ್ತದೆ. ನಮ್ಮ ಕುರಿ ದಾರಿಗಳಲ್ಲಿ ತಿರುವೇ ಜಾಸ್ತಿ, ಹಾಗಾಗಿ ಹೊಟ್ಟೆಯ ಮೇಲಿನ ಆರೋಪದಲ್ಲಿ ಹುರುಳಿಲ್ಲ.

ಬ್ರೇಕಿನ ಬಿಸಿ ತಮಾಷೆಯ ವಿಷಯವಲ್ಲ. ಡಿಸ್ಕ್ ಬ್ರೇಕಿನ ಒಂದು ಉಕ್ಕಿನ ತಟ್ಟೆ ಸುಮಾರು 150 ಗ್ರಾಂ ತೂಗುತ್ತದೆ. ಎರಡು ತಟ್ಟೆಗೆ 45,000 ಜೌಲ್ ಒಮ್ಮೆಲೇ ಹೋಗಿ, ಒಂದಿಷ್ಟೂ ಹೊರಗೆ ಹೋಗದಿದ್ದರೆ ಅವುಗಳ ಬಿಸಿ 300 ಡಿಗ್ರಿ ಏರುತ್ತದೆ. ಓಡುವ ಸೈಕಲ್ಲಿಗೆ ಗಾಳಿ ಬಡಿಯುತ್ತಿರುವುದರಿಂದ ನಾವು ಬಚಾವ್. ರೇಸು ಮುಗಿದ ಕೂಡಲೇ ಆ ತಟ್ಟೆ ಮುಟ್ಟಿದರೆ ಬೆರಳು ಸುಡುತ್ತದೆ, ನೀರು ಹಾಕಿದರೆ ತಟ್ಟೆ ಸೊಟ್ಟಗಾಗಬಹುದು. ಸುಮ್ನೆ ಬಿಟ್ಟು ಆರಲು ಕೊಡಬೇಕು.

ಈ ಆಟ ಹುಟ್ಟಿದಾಗಲೂ ಕಾಟ ಕೊಟ್ಟದ್ದು ಬಿಸಿಯೇ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಗುಡ್ಡದಲ್ಲಿ, ಕೆಲವು ಗೆಳೆಯರು ಹಳೇ ದಪ್ಪ ಟಯರಿನ ಸೈಕಲ್ಲುಗಳಲ್ಲಿ ಇಳಿಯುವ ರೇಸು ಶುರು ಮಾಡಿದರು. ಚಾರ್ಲಿ ಕೆಲ್ಲಿ ರೇಸು ನಡೆಸುತ್ತಿದ್ದರು. ಗ್ಯಾರಿ ಫಿಶರ್, ಜೋ ಬ್ರೀಜ್ ಓಡಿಸುತ್ತಿದ್ದರು. ಮುಂದೆ ಮೌಂಟೇನ್ ಬೈಕು ರೂಪುಗೊಂಡದ್ದು ಇವರಂಥವರ ಕೈಯಲ್ಲೇ. ಸುಮಾರು 400 ಮೀಟರ್ ಎತ್ತರದ ಇಳಿತ. ಸೈಕಲ್ಲುಗಳಿಗಿದ್ದದ್ದು ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು, ಅದೂ ಹಿಂದಿನ ಚಕ್ರದ ಹಬ್ಬಿನೊಳಗೆ, ಅಂದರೆ ನಡುಗುಂಬದೊಳಗೆ. ಕೆಳಗೆ ಬರುವಷ್ಟರಲ್ಲಿ ಹಬ್ಬಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ರೇಸಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬುವುದು, ಅಂತಲೇ ಹೆಸರಾಯಿತು. ಡೌನ್‌ಹಿಲ್ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ಮಟ್ಟಕ್ಕೆ ಬಂದದ್ದು 1990ರಲ್ಲಿ, ಕೊಲೊರಾಡೋದ ಡುರಾಂಗೋದಲ್ಲಿ.

ಇವತ್ತಿನ ಬ್ರೇಕಿನಲ್ಲಿ ಗ್ರೀಸಿನ ಬದಲು ಎಣ್ಣೆಯ ಕಾಟ. ಲಿವರ್ ಒತ್ತಿದರೆ ಪೈಪಿನೊಳಗಿನ ದ್ರವ ಪ್ಯಾಡನ್ನು ತಳ್ಳುತ್ತದೆ. ಡಾಟ್ 4 ಅನ್ನುವ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯದಾಗಿ ನೀರು ಸೇರಿದ ಮೇಲೆ 155 ಡಿಗ್ರಿಯ ಹತ್ತಿರವೇ ಕುದಿಯಬಹುದು. ಕುದಿದರೆ ಒಳಗೆ ಆವಿಯ ಗುಳ್ಳೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಲಿವರ್ ಹ್ಯಾಂಡಲ್‌ವರೆಗೂ ಬಂದರೂ ಬ್ರೇಕು ಹಿಡಿಯುವುದಿಲ್ಲ. ಹೊಸಬರು ಹೆದರಿ ಇಡೀ ದಾರಿ ಬ್ರೇಕನ್ನು ಸ್ವಲ್ಪ ಸ್ವಲ್ಪ ಒತ್ತಿಕೊಂಡೇ ಬರುತ್ತಾರೆ. ತಟ್ಟೆಗೆ ಆರಲು ಪುರಸೊತ್ತೇ ಇರುವುದಿಲ್ಲ. ಗಟ್ಟಿಯಾಗಿ, ಸ್ವಲ್ಪ ಹೊತ್ತು ಹಿಡಿದು, ಪೂರ್ತಿ ಬಿಡುವುದು ಒಳ್ಳೆಯದು. ಬಿಟ್ಟಾಗ ವೇಗ ಏರುತ್ತದೆ, ಗಾಳಿಯೂ ತನ್ನ ಪಾಲಿನ ಶಕ್ತಿ ತೆಗೆದುಕೊಳ್ಳುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು.

ಎಲ್ಲಿ ಹಿಡಿಯಬೇಕು? ಇದೇ ನನಗೆ ಇಡೀ ಆಟದಲ್ಲಿ ಚೆಂದ ಅನ್ನಿಸುವ ಭಾಗ. ಟಯರಿಗೂ ನೆಲಕ್ಕೂ ಇರುವ ಹಿಡಿತಕ್ಕೆ ಒಂದು ಮಿತಿ ಇದೆ. ಬ್ರೇಕ್ ಹಾಕುವುದಕ್ಕೂ ಅದೇ ಹಿಡಿತ ಬೇಕು, ತಿರುಗುವುದಕ್ಕೂ ಅದೇ ಬೇಕು. ಒಂದು ಬಲ ಹಿಂದಕ್ಕೆ, ಇನ್ನೊಂದು ಪಕ್ಕಕ್ಕೆ, ನಡುವೆ ಲಂಬಕೋನ. ಹಾಗಾಗಿ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಇಲ್ಲಿ ಕೆಲಸಕ್ಕೆ ಬರುತ್ತಾನೆ. ಒಟ್ಟು ಹಿಡಿತ 10 ಇದ್ದು, ಬ್ರೇಕಿಗೆ 8 ಕೊಟ್ಟರೆ ತಿರುವಿಗೆ 2 ಉಳಿಯುತ್ತದೆ ಅಂದುಕೊಳ್ಳುತ್ತೇವೆ. ಉಳಿಯುವುದು 6. ಅಂದರೆ ಬ್ರೇಕನ್ನು ಪೂರ್ತಿ ಬಿಡದೆ ಸ್ವಲ್ಪ ಸಡಿಲಿಸಿದರೂ ಸಾಕು, ತಿರುಗಲು ಬೇಕಾದಷ್ಟು ಹಿಡಿತ ವಾಪಸ್ ಬರುತ್ತದೆ. ಆದರೆ ಬ್ರೇಕಿಗೆ 10ಕ್ಕೆ 10 ಕೊಟ್ಟರೆ ಉಳಿಯುವುದು ಸೊನ್ನೆ. ಚಕ್ರ ನಿಂತು ಜಾರುವಾಗ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಸೈಕಲ್ಲು ನೆಟ್ಟಗೆ ಹೋಗಿ ಜಾಲಿ ಪೊದೆಗೆ ನುಗ್ಗುವುದು ಇದಕ್ಕೇ. ಅನುಭವ ಇರುವವರು ತಿರುವಿನ ಮುಂಚೆಯೇ, ನೆಟ್ಟಗಿರುವಾಗಲೇ, ಬೇಕಾದಷ್ಟು ವೇಗ ಕಳೆದುಬಿಡುತ್ತಾರೆ. ತಿರುವಿನೊಳಗೆ ಬೆರಳು ಸಡಿಲ.

ಆ ಒಟ್ಟು ಹಿಡಿತ ಎಷ್ಟು ಅನ್ನುವುದನ್ನು ನೆಲ ಹೇಳುತ್ತದೆ. ದುರ್ಗದ ನೆಲದಲ್ಲಿ ಇದಕ್ಕೆ ಎಲ್ಲ ಬಗೆಯ ಉದಾಹರಣೆ ಸಿಗುತ್ತವೆ. ಒಣಗಿದ ಬರಿ ಬಂಡೆ ಟಯರನ್ನು ಚೆನ್ನಾಗಿ ಹಿಡಿಯುತ್ತದೆ. ರಬ್ಬರ್ ಆ ಉರುಟು ಮೈಗೆ ಒತ್ತಿ ಕೂರುತ್ತದೆ. ಆದರೆ ಬಂಡೆ ಬಿಸಿಲು ಮಳೆಗೆ ಸವೆದು ಉದುರಿಸುವ ಹರಳುಗಳಿವೆಯಲ್ಲ, ಅಂದರೆ ಗರಸು, ಅವು ಅದೇ ಬಂಡೆಯ ಮೇಲೆ ಹರಡಿದ್ದರೆ ಟಯರಿನ ಕೆಳಗೆ ಗೋಲಿಯ ಹಾಗೆ ಉರುಳುತ್ತವೆ. ಲೆಕ್ಕದಲ್ಲಿ ಹೇಳುವುದಾದರೆ, 6 ಮೀಟರ್ ತ್ರಿಜ್ಯದ ಸಪಾಟು ತಿರುವನ್ನು ಒಣ ಬಂಡೆಯ ಮೇಲೆ 24 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದರೆ, ಸಡಿಲ ಗರಸಿನ ಮೇಲೆ 18 ದಾಟುವುದೂ ಕಷ್ಟ.

ಕೆಂಪು ಮಣ್ಣಿನ ದಾರಿಗೆ ಸಣ್ಣ ಮಳೆ ಬಿದ್ದು ಹದವಾದಾಗ ಓಡಿಸುವ ಸುಖವೇ ಬೇರೆ. ಮಣ್ಣಿನ ಕಣಗಳ ನಡುವೆ ನೀರಿನ ತೆಳು ಪದರ ನಿಂತು, ಮೇಲ್ಮೈ ಸೆಳೆತದಿಂದ ಅವನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತದೆ. ಪೂರ್ತಿ ಒಣಗಿದರೆ ಆ ಪದರವಿಲ್ಲ, ಧೂಳು. ನೀರು ತುಂಬಿಹೋದರೆ ಸೆಳೆಯುವ ಮೇಲ್ಮೈಯೇ ಇಲ್ಲ, ಕೆಸರು. ಇನ್ನು ಗುಡ್ಡದ ಬುಡದಲ್ಲಿ ಎರೆ ಹೊಲ ಇದ್ದರೆ, ಮಳೆ ಬಂದ ದಿನ ಅತ್ತ ಹೋಗಲೇಬೇಡಿ. ಎರೆ ಮಣ್ಣಿನ ಜೇಡಿ ನೀರು ಹೀರಿ ಉಬ್ಬುತ್ತದೆ, ಟಯರಿಗೆ ಸುತ್ತಿಕೊಂಡು ಫೋರ್ಕಿನ ಸಂದಿ ತುಂಬಿ ಚಕ್ರವೇ ತಿರುಗದಂತೆ ಮಾಡುತ್ತದೆ. ಆಮೇಲೆ ಸೈಕಲ್ಲನ್ನು ನಾವು ಹೊರಬೇಕು.

ಇಳಿಜಾರು ಬ್ರೇಕಿಗೆ ಇನ್ನೊಂದು ಏಟು ಕೊಡುತ್ತದೆ. ಗರಸಿನ ಮೇಲೆ 40 ಕಿಲೋಮೀಟರ್ ವೇಗದಿಂದ ನಿಲ್ಲಲು ಸಪಾಟು ನೆಲದಲ್ಲಿ ಸುಮಾರು 14 ಮೀಟರ್ ಬೇಕು. ನೂರು ಮೀಟರಿಗೆ 15 ಮೀಟರ್ ಇಳಿಯುವ ಕಡೆ 21 ಮೀಟರ್. ನೂರಕ್ಕೆ 30 ಇಳಿಯುವ ಕಡೆ 43 ಮೀಟರ್! ಇಳಿಜಾರು ಹೆಚ್ಚಿದಷ್ಟೂ ನಿಲ್ಲುವ ದೂರ ಇನ್ನೂ ಬೇಗ ಬೇಗ ಏರುತ್ತದೆ, ಯಾಕೆಂದರೆ ಇದ್ದ ಹಿಡಿತದಲ್ಲಿ ಒಂದು ಭಾಗ ಕೆಳಗೆಳೆಯುವ ಬಲವನ್ನು ತಡೆಯುವುದಕ್ಕೇ ಖರ್ಚಾಗುತ್ತದೆ. ಇನ್ನೂ ಕಡಿದಾದರೆ ಒಂದು ಹಂತದ ಮೇಲೆ ನಿಲ್ಲುವುದೇ ಆಗುವುದಿಲ್ಲ. ಅಂಥ ಜಾಗದಲ್ಲಿ ಕೆಳಗೆ ಎಲ್ಲಿ ಸಪಾಟಾಗುತ್ತದೆ ಅಂತ ಮೊದಲೇ ನಡೆದು ನೋಡಿರಬೇಕು. ನಮ್ಮಲ್ಲಿ ಟ್ರ್ಯಾಕನ್ನು ಕಾಲಲ್ಲಿ ನಡೆಯದವರಿಗೆ ಸ್ಟಾರ್ಟ್ ಕೊಡುವುದಿಲ್ಲ. ಹೆಲ್ಮೆಟ್ ಇಲ್ಲದವರಿಗೂ ಇಲ್ಲ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಒಳಗಿನ ಫೋಮ್ ಹಿಸುಕಿಹೋಗಿರುತ್ತದೆ, ಹೊರಗಿಂದ ಚೆನ್ನಾಗಿ ಕಂಡರೂ ಅದು ಮತ್ತೆ ಕಾಯುವುದಿಲ್ಲ.

ಮುಂದಿನ ಬ್ರೇಕು ಹಿಡಿದರೆ ತಲೆಕೆಳಗಾಗಿ ಬೀಳುತ್ತೇವೆ ಅನ್ನುವ ಭಯ ಎಲ್ಲರಿಗೂ ಇದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಸಡಿಲ ಮಣ್ಣಿನಲ್ಲಿ ಸಾಮಾನ್ಯವಾಗಿ ಮಗುಚುವ ಮುಂಚೆ ಟಯರ್ ಜಾರುತ್ತದೆ. ಮಗುಚುವುದು ಒಳ್ಳೆಯ ಹಿಡಿತ ಇರುವ ಬಂಡೆಯ ಮೇಲೆ. ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಕ್ಕೆ ಸರಿಯುವುದರಿಂದ ಹಿಡಿತವೂ ಅಲ್ಲೇ ಜಾಸ್ತಿ. ಹಿಂದಿನ ಬ್ರೇಕೊಂದನ್ನೇ ನಂಬಿದವರು ಜಾರುತ್ತಾ ದೂಳೆಬ್ಬಿಸಿಕೊಂಡು ಬರುತ್ತಾರೆ, ನೋಡಲು ಚೆಂದ, ನಿಲ್ಲುವುದಿಲ್ಲ. ಸೊಂಟ ತಗ್ಗಿಸಿ ಸೀಟಿನ ಹಿಂದಕ್ಕೆ ಹೋದರೆ ಮೈಭಾರದ ಕೇಂದ್ರ ಕೆಳಕ್ಕೂ ಹಿಂದಕ್ಕೂ ಹೋಗಿ, ಮಗುಚುವ ಮಿತಿ ದೂರವಾಗುತ್ತದೆ. ಮೊಣಕಾಲು, ಮೊಣಕೈ ಮಡಚಿಕೊಂಡು ನಿಲ್ಲುವುದರಲ್ಲಿ ಇನ್ನೊಂದು ಲಾಭ. ದೊಡ್ಡ ಡೌನ್‌ಹಿಲ್ ಸೈಕಲ್ಲಿನ ಶಾಕ್ಸ್ ಸುಮಾರು 200 ಮಿಲಿಮೀಟರ್ ಕುಗ್ಗುತ್ತವೆ. ನಮ್ಮಂಥವರ ಸೈಕಲ್ಲಿನಲ್ಲಿ ಮುಂದೆ ಮಾತ್ರ, ಅದೂ 100. ಮಡಚಿದ ಕಾಲು ಅದಕ್ಕಿಂತ ಎಷ್ಟೋ ಜಾಸ್ತಿ ಕುಗ್ಗುತ್ತದೆ, ಕಾಸೂ ಕೇಳುವುದಿಲ್ಲ.

ಟಯರಿನ ಗಾಳಿಯ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಒಂದು ಚಕ್ರದ ಮೇಲೆ 40 ಕಿಲೋ ಭಾರ ಇದ್ದು ಗಾಳಿ 25 ಪಿಎಸ್‌ಐ ಇದ್ದರೆ ನೆಲ ಮುಟ್ಟುವ ಜಾಗ ಸುಮಾರು 23 ಚದರ ಸೆಂಟಿಮೀಟರ್. ಎರಡು ಚಕ್ರ ಸೇರಿದರೂ ಒಂದು ಅಂಗೈಯಷ್ಟಿಲ್ಲ. ಗಾಳಿ ಕಡಿಮೆ ಮಾಡಿದಷ್ಟೂ ಆ ಜಾಗ ದೊಡ್ಡದಾಗುತ್ತದೆ, ಟಯರ್ ಕಲ್ಲಿನ ಮೇಲೆ ಪುಟಿಯದೆ ಅದರ ಆಕಾರಕ್ಕೆ ಬಗ್ಗುತ್ತದೆ. ತುಂಬಾ ಇಳಿಸಿದರೆ ರಿಮ್ಮು ಕಲ್ಲಿಗೆ ಬಡಿದು ನಡುವೆ ಸಿಕ್ಕ ಟ್ಯೂಬು ಎರಡು ಕಡೆ ತೂತಾಗುತ್ತದೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಶತ್ರು ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಟ್ಯೂಬು ಲೆಕ್ಕಕ್ಕೇ ಇಲ್ಲ. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸೀಲೆಂಟ್ ಹಾಕಿಸಿದವರು ನೆಮ್ಮದಿಯಾಗಿದ್ದಾರೆ. ಮುಳ್ಳಿನ ತೂತಿನಿಂದ ದ್ರವ ಚಿಮ್ಮುವಾಗ ಅದರಲ್ಲಿರುವ ರಬ್ಬರಿನ ಕಣಗಳು ಅಲ್ಲೇ ಹೆಪ್ಪುಗಟ್ಟಿ ತೂತು ಮುಚ್ಚುತ್ತವೆ.

ಕೊನೆಗೆ ಟೈಮಿಂಗು. ಮೇಲೆ ನಿಂತವನು ಫೋನಿನಲ್ಲಿ "ಹೋದ!" ಅಂತ ಕೂಗುವುದು, ಕೆಳಗಿನವನು ಸ್ಟಾಪ್‌ವಾಚ್ ಒತ್ತುವುದು, ಹೀಗೆ ಬಹಳ ದಿನ ನಡೆಯಿತು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು ಬೇಕು. ಫೋನಿನಲ್ಲಿ ದನಿ ತಲುಪುವ ತಡ ಬೇರೆ. ಈಗ ಎರಡು ಫೋನುಗಳ ಸ್ಟಾಪ್‌ವಾಚನ್ನು ಮೇಲೆಯೇ ಪಕ್ಕಪಕ್ಕ ಇಟ್ಟು ಒಟ್ಟಿಗೆ ಶುರು ಮಾಡಿ, ಒಂದನ್ನು ಕೆಳಗೆ ಒಯ್ಯುತ್ತೇವೆ. ಸ್ಟಾರ್ಟಿನವನು ಬರೆದ ಹೊತ್ತು, ಕೆಳಗಿನವನು ಬರೆದ ಹೊತ್ತು, ಎರಡರ ವ್ಯತ್ಯಾಸ. ಫೋನಿನೊಳಗಿನ ಗಡಿಯಾರಗಳು ಒಂದು ಬೆಳಗಿನಲ್ಲಿ ಅಷ್ಟೇನೂ ಆಚೀಚೆ ಆಗುವುದಿಲ್ಲ, ಆದರೆ ಬೆರಳಿನ ತಡ ಉಳಿದೇ ಉಳಿಯುತ್ತದೆ. ಅದಕ್ಕೆ ಅರ್ಧ ಸೆಕೆಂಡಿನ ಒಳಗಿನ ವ್ಯತ್ಯಾಸವನ್ನು ಸಮ ಅಂತಲೇ ಬರೆದುಕೊಳ್ಳುತ್ತೇವೆ. ಇದನ್ನು ಒಪ್ಪದವರೂ ನಮ್ಮಲ್ಲಿದ್ದಾರೆ. ಅವರು ಸಾಮಾನ್ಯವಾಗಿ ಆವತ್ತು ಕಾಲು ಸೆಕೆಂಡಿನಿಂದ ಗೆದ್ದವರು.