ಒಂಟಿ ಗಿಟಾರ್‌ನಲ್ಲಿ ಜಾಝ್ ಸ್ಟ್ಯಾಂಡರ್ಡ್: ಕಾರ್ಡ್ ಮೆಲೊಡಿ ಕಲಿಯುವವರಿಗೆ ಒಂದು ಟಿಪ್ಪಣಿ

ಜಾಝ್ ಸ್ಟ್ಯಾಂಡರ್ಡ್ ಅಂದರೆ ಜಾಝ್ ಕಲಾವಿದರೆಲ್ಲ ಮತ್ತೆ ಮತ್ತೆ ಬಾರಿಸುವ ಜನಪ್ರಿಯ ಹಾಡು. ಕಾರ್ಡ್ ಅಂದರೆ ಒಟ್ಟಿಗೆ ಕೇಳಿಸುವ ಸ್ವರಗಳ ಗುಂಪು. ಕಾರ್ಡ್ ಮೆಲೊಡಿ ಅಂದರೆ ಹಾಡುವವರ ಕೆಲಸ, ಪಿಯಾನೊದ ಕೆಲಸ, ಬೇಸ್‌ನ ಕೆಲಸ ಮೂರನ್ನೂ ಒಂದೇ ಗಿಟಾರ್ ಹೊರುವುದು. ಕೇಳಲು ತುಂಬಾ ಚೆಂದ. ಕಲಿಯಲು ಕೂತಾಗ ಮಾತ್ರ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಮೊದಲ ವರ್ಷ ನಾನು ಯಾವ ತಂತಿ, ಯಾವ ಫ್ರೆಟ್ ಎಂದು ಬೇರೆಯವರು ಬರೆದಿಟ್ಟ ಟ್ಯಾಬ್‌ಗಳನ್ನು ಉರು ಹೊಡೆದೆ. ಮೂರು ಹಾಡು ಕೈಗೆ ಬಂದವು. ಎರಡು ತಿಂಗಳು ಬಾರಿಸದೆ ಬಿಟ್ಟೆ, ಮೂರೂ ಹೋದವು. ಯಾವ ಬೆರಳು ಯಾಕೆ ಅಲ್ಲಿದೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಈ ಟಿಪ್ಪಣಿ ಆ ‘ಯಾಕೆ’ಯ ಬಗ್ಗೆ.

ಮೊದಲು ಮೆಲೊಡಿಯೊಂದನ್ನೇ ಬಾರಿಸಿ. ಕಾರ್ಡ್ ಬೇಡ. ಇಲ್ಲಿ ಒಂದು ವಿಷಯ ಗೊತ್ತಿರಬೇಕು: ಗಿಟಾರ್ ಬರೆದದ್ದಕ್ಕಿಂತ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗೆ ಕೇಳಿಸುತ್ತದೆ. ಮೆಲೊಡಿಯ ಸ್ವರಗಳನ್ನೂ ಕಾರ್ಡ್ ಹೆಸರುಗಳನ್ನೂ ಮಾತ್ರ ಬರೆದ ಹಾಳೆಯೇ ಲೀಡ್ ಶೀಟ್. ಲೀಡ್ ಶೀಟ್‌ನಲ್ಲಿ ಇರುವ ಹಾಗೆಯೇ ಬಾರಿಸಿದರೆ ಮೆಲೊಡಿ ನಡುವಿನ ತಂತಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಅದರ ಕೆಳಗೆ ಕಾರ್ಡ್ ಇಡಲು ಜಾಗವೇ ಉಳಿಯುವುದಿಲ್ಲ. ಹಾಗಾಗಿ ಮೆಲೊಡಿಯನ್ನು ಒಂದು ಆಕ್ಟೇವ್ ಮೇಲಕ್ಕೆ ಏರಿಸಿ, ಆದಷ್ಟು ಒಂದನೇ ಮತ್ತು ಎರಡನೇ ತಂತಿಗೆ (ತೀರಾ ತೆಳುವಾದ ಎರಡಕ್ಕೆ) ತನ್ನಿ. ತೀರಾ ಮೇಲೆ ಹೋದರೆ ಕೀ, ಅಂದರೆ ಹಾಡಿನ ಆಧಾರ ಶ್ರುತಿ, ಬದಲಿಸಿ. ಜಿ, ಡಿ, ಎ, ಇ ಮೈನರ್‌ನಂಥ ಕೀಗಳಲ್ಲಿ ಖಾಲಿ ತಂತಿಗಳು ಬೇಸ್‌ಗೆ ಒದಗುತ್ತವೆ. ಒಬ್ಬರೇ ಬಾರಿಸುವಾಗ ಇದು ದೊಡ್ಡ ಉಪಕಾರ.

ಆಮೇಲೆ ಗಿಟಾರ್ ಕೆಳಗಿಟ್ಟು ಪೆನ್ಸಿಲ್ ತೆಗೆದುಕೊಳ್ಳಿ. ಪ್ರತಿಯೊಂದು ಉದ್ದ ಸ್ವರದ ಕೆಳಗೆ, ಅದು ಆಗ ನಡೆಯುತ್ತಿರುವ ಕಾರ್ಡ್‌ನ ಎಷ್ಟನೆಯ ಸ್ವರ ಎಂದು ಬರೆಯಿರಿ. ನನ್ನ ಮಟ್ಟಿಗೆ ಅರ್ಧ ಕೆಲಸ ಮುಗಿಯುವುದು ಇಲ್ಲೇ.

ಇದಕ್ಕೆ ‘ಆಟಮ್ ಲೀವ್ಸ್’ಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಜೋಸೆಫ್ ಕೋಸ್ಮಾ 1945ರಲ್ಲಿ ರಾಗ ಹಾಕಿದ ಫ್ರೆಂಚ್ ಹಾಡು ಇದು. ಇ ಮೈನರ್‌ನಲ್ಲಿ ನೋಡೋಣ. ಕಾರ್ಡ್‌ಗಳು ಬಾರ್‌ಗೆ (ನಾಲ್ಕು ಬೀಟ್ ಇರುವ ಒಂದು ಆವರ್ತಕ್ಕೆ) ಒಂದರಂತೆ: ಎ ಮೈನರ್ ಸೆವೆನ್, ಡಿ ಸೆವೆನ್, ಜಿ ಮೇಜರ್ ಸೆವೆನ್, ಸಿ ಮೇಜರ್ ಸೆವೆನ್, ಎಫ್ ಶಾರ್ಪ್ ಹಾಫ್ ಡಿಮಿನಿಶ್ಡ್, ಬಿ ಸೆವೆನ್, ಕೊನೆಗೆ ಇ ಮೈನರ್. ಮೆಲೊಡಿ ಮೂರು ಸಣ್ಣ ಸ್ವರ ಹತ್ತಿ ಒಂದು ಉದ್ದ ಸ್ವರದ ಮೇಲೆ ನಿಲ್ಲುತ್ತದೆ. ಹೀಗೆ ನಾಲ್ಕು ಸಲ. ನಿಲ್ಲುವ ಸ್ವರಗಳು ಸಿ, ಬಿ, ಎ, ಜಿ.

ಈಗ ಲೆಕ್ಕ ಹಾಕಿ. ಕಾರ್ಡ್ ಹೆಸರಿನ ಮೂಲ ಸ್ವರವನ್ನು 1 ಎಂದು ಹಿಡಿದು ಮೇಲಕ್ಕೆ ಎಣಿಸಬೇಕು: ಎ 1, ಬಿ 2, ಸಿ 3. ಎ ಮೈನರ್ ಸೆವೆನ್‌ಗೆ ಸಿ 3ನೆಯ ಸ್ವರ. ಜಿ ಮೇಜರ್ ಸೆವೆನ್‌ಗೆ ಬಿ ಕೂಡ 3ನೆಯದು. ಎಫ್ ಶಾರ್ಪ್‌ಗೆ ಎ, ಇ ಮೈನರ್‌ಗೆ ಜಿ, ಅವೂ 3ನೆಯವೇ! ಇನ್ನೂ ಇದೆ. ಆ ಸಿ ಮುಂದಿನ ಬಾರ್‌ನ ಶುರುವಿನವರೆಗೂ ಎಳೆಯುತ್ತದೆ. ಅಲ್ಲಿರುವುದು ಡಿ ಸೆವೆನ್, ಅದಕ್ಕೆ ಸಿ 7ನೆಯ ಸ್ವರ. ಬಿ ಎಳೆದು ಸಿ ಮೇಜರ್ ಸೆವೆನ್‌ಗೆ 7ನೆಯದಾಗುತ್ತದೆ. ಎ ಎಳೆದು ಬಿ ಸೆವೆನ್‌ಗೆ 7ನೆಯದಾಗುತ್ತದೆ.

3 ಮತ್ತು 7 ಯಾಕೆ ಮುಖ್ಯ ಅಂದರೆ, ಕಾರ್ಡ್ ಮೇಜರೋ ಮೈನರೋ ಡಾಮಿನೆಂಟೋ (ಡಿ ಸೆವೆನ್, ಬಿ ಸೆವೆನ್ ಥರದ್ದು) ಎಂದು ಕಿವಿಗೆ ಹೇಳುವ ಸ್ವರಗಳು ಅವೇ. ಸಾಮಾನ್ಯವಾಗಿ 5ನೆಯದನ್ನು ಬಿಟ್ಟರೂ ಕಾರ್ಡ್‌ನ ಗುರುತು ಉಳಿಯುತ್ತದೆ. ಈ ಹಾಡಿನಲ್ಲಿ ಆ ಕೆಲಸದ ಒಂದು ಪಾಲನ್ನು ಮೆಲೊಡಿಯೇ ಮಾಡುತ್ತಿದೆ. ಹಾಗಾದರೆ ಕೆಳಗೆ ಬೇಸ್ ಮತ್ತು ಇನ್ನೊಂದು ಸ್ವರ ಇದ್ದರೂ ಸಾಕು, ಅಲ್ವಾ? ಇದನ್ನು ಕಂಡ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆರು ತಂತಿಯನ್ನೂ ತುಂಬಬೇಕು ಎನ್ನುವ ಹೆದರಿಕೆ ಅವತ್ತೇ ಹೋಯಿತು.

ಇನ್ನು ಕೈಗೆ ತರೋಣ. ಆರನೇ ತಂತಿಯಿಂದ ಒಂದನೇ ತಂತಿಯ ಕಡೆಗೆ ಫ್ರೆಟ್ ಸಂಖ್ಯೆ ಬರೆಯುತ್ತೇನೆ. × ಅಂದರೆ ಆ ತಂತಿ ಬಾರಿಸುವುದಿಲ್ಲ.

ಎತ್ತುಗಡೆಯ, ಅಂದರೆ ಮೊದಲ ಕಾರ್ಡ್‌ಗೂ ಮುಂಚೆ ಬರುವ ಮೂರು ಸಣ್ಣ ಸ್ವರಗಳಾದ ಇ, ಎಫ್ ಶಾರ್ಪ್, ಜಿ ಎರಡನೇ ತಂತಿಯ 5, 7, 8ನೇ ಫ್ರೆಟ್‌ನಲ್ಲಿವೆ. ಸಿ ಒಂದನೇ ತಂತಿಯ 8ರಲ್ಲಿ. ಅದರ ಕೆಳಗೆ ಎ ಮೈನರ್ ಸೆವೆನ್: 5-×-5-5-5-8. ತೋರುಬೆರಳು ಅಡ್ಡ ಮಲಗುತ್ತದೆ, ಕಿರುಬೆರಳು ಸಿ ಹಿಡಿಯುತ್ತದೆ.

ಡಿ ಸೆವೆನ್: ×-5-4-5-3-×. ಎರಡನೇ ತಂತಿಯ 3ರಲ್ಲಿರುವ ಡಿ ಮೆಲೊಡಿಯ ಮುಂದಿನ ಸ್ವರವೇ. ಅಲ್ಲಿಂದ 5, 7ಕ್ಕೆ ಏರುವಾಗ ಬೆರಳುಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ. ಹೋಗಲಿ. ಕಾರ್ಡ್ ಒಮ್ಮೆ ಕೇಳಿಸಿದರೆ ಸಾಕು, ಕಿವಿ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಜಿ ಮೇಜರ್ ಸೆವೆನ್: ×-×-5-7-7-7. ಎಫ್ ಶಾರ್ಪ್ ಹಾಫ್ ಡಿಮಿನಿಶ್ಡ್: ×-×-4-5-5-5. ಎರಡರಲ್ಲೂ ಕೆಳಗಿನಿಂದ ಮೇಲಕ್ಕೆ 1, 5, 7, 3. ಇದಕ್ಕೆ ಡ್ರಾಪ್ ಟೂ ಎನ್ನುತ್ತಾರೆ. ಜಿ ಮೇಜರ್ ಸೆವೆನ್ ಅನ್ನೇ ತೆಗೆದುಕೊಂಡರೆ, ಡಿ, ಎಫ್ ಶಾರ್ಪ್, ಜಿ, ಬಿ ಎಂದು ಸ್ವರಗಳನ್ನು ಒತ್ತಾಗಿ ಜೋಡಿಸಿ, ಮೇಲಿನಿಂದ ಎರಡನೆಯದಾದ ಜಿಯನ್ನು ಒಂದು ಆಕ್ಟೇವ್ ಇಳಿಸಿದರೆ ಸಿಗುವ ರೂಪ ಇದು. ಒತ್ತಾದ ಜೋಡಣೆಗೆ ಬೆರಳು ತುಂಬಾ ಅಗಲಿಸಬೇಕು. ಡ್ರಾಪ್ ಟೂ ನಾಲ್ಕು ಅಕ್ಕಪಕ್ಕದ ತಂತಿಗಳಲ್ಲಿ ಸಲೀಸಾಗಿ ಕೂರುತ್ತದೆ.

ಉಳಿದವು ಸುಲಭ. ಬಿ ಸೆವೆನ್: ×-2-1-2-0-×, ಮೇಲೆ ಎರಡನೇ ತಂತಿಯಲ್ಲಿ 0, 2, 4. ಇ ಮೈನರ್: 0-2-2-0-0-3. ಖಾಲಿ ಇ ತಂತಿ ಗುಂಯ್ಯೆಂದಾಗ ಮನೆಗೆ ಬಂದ ಹಾಗಾಗುತ್ತದೆ. ಸಿ ಮೇಜರ್ ಸೆವೆನ್ ಬೇಕೆಂದೇ ಬಿಟ್ಟಿದ್ದೇನೆ, ನೀವೇ ಹುಡುಕಿ. ಮೆಲೊಡಿ ಅಲ್ಲಿ ಸಿ, ಡಿ, ಇ.

ಎಲ್ಲ ಹಾಡೂ ಇಷ್ಟು ದಯೆ ತೋರಿಸುವುದಿಲ್ಲ. ಜಾಸ್ತಿ ಎದುರಾಗುವ ತೊಡಕು ಎರಡು. ಮೇಜರ್ ಸೆವೆನ್ ಕಾರ್ಡ್ ಮೇಲೆ ಮೆಲೊಡಿ ಮೂಲ ಸ್ವರದಲ್ಲೇ ನಿಂತರೆ, ಒಳಗಿರುವ 7ನೆಯದು ಅದಕ್ಕೆ ಅರ್ಧ ಸ್ವರದ ಅಂತರದಲ್ಲಿ ತಿಕ್ಕುತ್ತದೆ. ಆಗ 7 ತೆಗೆದು 6 ಹಾಕಿ. ಸಿ ಮೇಜರ್ ಸೆವೆನ್ ಬದಲು ಸಿ ಸಿಕ್ಸ್, ಅಂದರೆ ಬಿ ಇದ್ದ ಕಡೆ ಎ. ಇನ್ನೊಂದು, ಡಾಮಿನೆಂಟ್ ಕಾರ್ಡ್ ಮೇಲೆ ಮೆಲೊಡಿ 4ನೆಯ ಸ್ವರದಲ್ಲಿ ನಿಲ್ಲುವುದು. ಅಲ್ಲಿ 3 ಬಿಟ್ಟು ಸಸ್ ಕಾರ್ಡ್ (3ರ ಬದಲು 4 ಇರುವ ಕಾರ್ಡ್) ಮಾಡಿಕೊಳ್ಳಿ. ಎರಡೂ ಕಡೆ ಬದಲಾದದ್ದು ಕಾರ್ಡ್, ಮೆಲೊಡಿಯಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಬೇಸ್ ಸಾಲಿಗೆ ಒಂದು ಆಟ ಹೇಳುತ್ತೇನೆ. ಡಿ ಸೆವೆನ್‌ನ 3 ಮತ್ತು 7 ಎಂದರೆ ಎಫ್ ಶಾರ್ಪ್ ಮತ್ತು ಸಿ. ಎ ಫ್ಲಾಟ್ ಸೆವೆನ್‌ಗೂ ಅವೇ ಎರಡು ಸ್ವರ, ಪಾತ್ರ ಮಾತ್ರ ಅದಲು ಬದಲು. ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರಬಲ್ಲದು. ಡಿ ಮತ್ತು ಎ ಫ್ಲಾಟ್ ನಡುವಿನ ಮೂರು ಪೂರ್ಣ ಸ್ವರಗಳ ಅಂತರಕ್ಕೆ ಟ್ರೈಟೋನ್ ಎಂದು ಹೆಸರು, ಅದಕ್ಕೇ ಇದು ಟ್ರೈಟೋನ್ ಬದಲಿ. ಮೇಲಿನ ಡಿ ಸೆವೆನ್ ಹಿಡಿದು ನೋಡಿ. ನಾಲ್ಕನೇ ತಂತಿಯ 4, ಮೂರನೇ ತಂತಿಯ 5 ಹಾಗೇ ಇರಲಿ. ಐದನೇ ತಂತಿಯ 5 ಬಿಟ್ಟು ಆರನೇ ತಂತಿಯ 4 ಹಿಡಿಯಿರಿ. ಅಷ್ಟೇ. ಬೇಸ್ ಎಯಿಂದ ಎ ಫ್ಲಾಟ್‌ಗೆ, ಅಲ್ಲಿಂದ ಜಿಗೆ ಜಾರುತ್ತದೆ. ಕೆಳಗಿನ ಜಿ, ಅಂದರೆ ಆರನೇ ತಂತಿಯ 3, ಬಾರಿಸುತ್ತಲೇ ಒಂದನೇ ತಂತಿಯ 7 ಹಿಡಿಯುವುದು ಕಷ್ಟ. ನಾನು ಮೊದಲು ಜಿ ಒಂದನ್ನೇ ಮೀಟಿ, ಬಿಟ್ಟು, ಆಮೇಲೆ ಮೇಲಿನ ಕಾರ್ಡ್‌ಗೆ ಹೋಗುತ್ತೇನೆ.

ಕಾರ್ಡ್ ಯಾವಾಗ ಬಾರಿಸಬೇಕು? ಮೆಲೊಡಿ ಓಡುವಾಗ ಸುಮ್ನೆ ಇರಿ. ಮೆಲೊಡಿ ನಿಂತಾಗ ಕೆಳಗೆ ಏನಾದರೂ ನಡೆಯಲಿ. ಪ್ರತಿ ಸ್ವರಕ್ಕೂ ಒಂದು ಕಾರ್ಡ್ ಹಚ್ಚಿದರೆ ಹಾಡು ಏದುಸಿರು ಬಿಡುತ್ತದೆ, ಉದ್ದ ಸ್ವರಗಳೂ ಅರ್ಧದಲ್ಲೇ ಕತ್ತರಿಸಿಹೋಗುತ್ತವೆ.

ಬಲಗೈ ಪಿಕ್‌ನಲ್ಲೋ ಬೆರಳಲ್ಲೋ ಎನ್ನುವ ಚರ್ಚೆ ನನಗೆ ಅಷ್ಟು ಮುಖ್ಯ ಅನ್ನಿಸಿಲ್ಲ. ಬೆರಳಲ್ಲಿ ಬಾರಿಸಿದರೆ ಬೇಸ್ ಮತ್ತು ಮೆಲೊಡಿಯನ್ನು ಒಂದೇ ಸಲ ಮೀಟಬಹುದು, ಅದೊಂದು ಅನುಕೂಲ. ಮೇಲಿನ ಸ್ವರಕ್ಕೆ ಉಳಿದವಕ್ಕಿಂತ ಒಂಚೂರು ತೂಕ ಜಾಸ್ತಿ ಬೀಳಬೇಕು, ಇದು ಮಾತ್ರ ಬಿಡಬೇಡಿ. ಬಾರಿಸಿದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹಾಡು ಗೊತ್ತಿಲ್ಲದವರಿಗೂ ಮೆಲೊಡಿ ಯಾವುದೆಂದು ತಿಳಿಯುತ್ತದಾ ನೋಡಿ. ತಾಳಕ್ಕೆ ಮೆಟ್ರೊನೋಮ್ 50ಕ್ಕೆ ಇಟ್ಟು, ಆ ಸದ್ದನ್ನು 2 ಮತ್ತು 4ನೇ ಬೀಟ್ ಎಂದು ಎಣಿಸಿ. ನಿಜವಾದ ವೇಗ 100 ಆಗುತ್ತದೆ. 1 ಎಲ್ಲಿದೆ ಎಂದು ನೀವೇ ಹಿಡಿದಿಟ್ಟುಕೊಳ್ಳಬೇಕು, ಅಭ್ಯಾಸದ ಸಾರ ಅದೇ.

ಕೇಳುವುದಕ್ಕೆ ಅಮೆರಿಕದ ಜಾಝ್ ಗಿಟಾರ್ ವಾದಕ ಜೋ ಪಾಸ್ 1973ರಲ್ಲಿ ಒಂಟಿಯಾಗಿ ಬಾರಿಸಿದ ರೆಕಾರ್ಡಿಂಗ್‌ಗಳಿಂದ ಶುರು ಮಾಡಿ. ಗಿಟಾರ್ ತುಂಬಿ ತುಳುಕುತ್ತಿದೆ ಎಂದು ಮೊದಲಿಗೆ ಅನ್ನಿಸುತ್ತದೆ. ಎರಡನೇ ಸಲ ಕೇಳುವಾಗ ಒಂದು ಕಾಗದ ಇಟ್ಟುಕೊಳ್ಳಿ. ಒಂದೇ ಸ್ವರದ ಸಾಲು ಮಾತ್ರ ಓಡುವ, ಕೆಳಗೆ ಏನೂ ಇಲ್ಲದ ಬಾರ್‌ಗಳಿಗೆ ಒಂದೊಂದು ಗೆರೆ ಎಳೆಯುತ್ತಾ ಹೋಗಿ.