ಏಳನೆಯ ಖಾತೆ ಯಾಕೆ ತೆರೆಯಲಿಲ್ಲ?

ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಕನ್ನಡ ವಿಕಿಪೀಡಿಯಕ್ಕೆ ಬರೆಯುವ ಗುಂಪು ಕಟ್ಟೋಣ ಅಂತ ಮೊದಲ ಸಲ ಹೊರಟಾಗ 30 ಮಕ್ಕಳನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಕೂರಿಸಿದ್ದೆ. ಬ್ಯಾನರ್ ಇತ್ತು. ಸುಸಲಾ, ಮಿರ್ಚಿ ಭಜಿ ಇತ್ತು. ಆರು ಜನರ ಖಾತೆ ಸಲೀಸಾಗಿ ಆಯಿತು. ಏಳನೆಯ ಹುಡುಗಿ ಎದ್ದು ನಿಂತಳು. "ಮೇಡಂ, ನಂದೊಂದೇ ಯಾಕ್ರಿ ಆಗವಲ್ದು?" ನನಗೂ ಗೊತ್ತಿರಲಿಲ್ಲ.

ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ನಂಬರು) ವಿಕಿಪೀಡಿಯದಲ್ಲಿ ದಿನಕ್ಕೆ 6 ಖಾತೆಗಿಂತ ಜಾಸ್ತಿ ತೆರೆಯಲು ಬಿಡುವುದಿಲ್ಲ, ವಿಷಯ ಅಷ್ಟೇ. ಕಿಡಿಗೇಡಿಗಳನ್ನು ತಡೆಯಲು ಹಾಕಿದ ಬೇಲಿ ಅದು. ಲ್ಯಾಬಿನ ಅಷ್ಟೂ ಕಂಪ್ಯೂಟರು ಹೊರಗಿನವರಿಗೆ ಕಾಣೋದು ಒಂದೇ ವಿಳಾಸವಾಗಿ. ಮುಂಚೆಯೇ ಕೇಳಿಕೊಂಡರೆ ಆ ದಿನದ ಮಟ್ಟಿಗೆ ಮಿತಿ ಸಡಿಲಿಸುತ್ತಾರೆ. ನಾನು ಮಾತ್ರ ಸುಲಭದ ದಾರಿ ಹಿಡಿದಿದ್ದೇನೆ: ಮನೆಯಲ್ಲೇ ಮೊಬೈಲಿನಲ್ಲಿ ಖಾತೆ ಮಾಡಿಕೊಂಡು ಬನ್ನಿ ಅನ್ನುತ್ತೇನೆ. ಇಡೀ ಕಾಲೇಜಿಗೆ ಒಂದೇ ಖಾತೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಯಾವ ಸಾಲನ್ನು ಯಾರು ಬರೆದರು ಅಂತ ಪುಟದ ಇತಿಹಾಸದಲ್ಲಿ ಕಾಣಬೇಕು.

ಮೊದಲ ದಿನ ಎಲ್ಲರಿಗೂ ಹೊಸ ಲೇಖನ ಬರೆಯುವ ಆಸೆ, ಅದೂ ತಮ್ಮ ಊರಿನ ದೇವರ ಮೇಲೆ. ನಾನು ಕೊಡುವುದು ತಿದ್ದುವ ಕೆಲಸ. ನಮ್ಮ ಭಾಗದಲ್ಲಿ ಅದಕ್ಕೇನೂ ಕೊರತೆ ಇಲ್ಲ. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಕಲಬುರಗಿ ಆಯಿತು. 2019ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಹಳೆಯ ಹೆಸರು ಉಳಿದ ಪುಟ ಹುಡುಕಿ ಅಂದರೆ ಮಕ್ಕಳು ಹುರುಪಿನಿಂದ ಕೂರುತ್ತಾರೆ. ಆದರೆ ಕಣ್ಣು ಮುಚ್ಚಿ ಬದಲಾಯಿಸಿದರೆ ಎಡವಟ್ಟು. 1980ರಲ್ಲಿ ಶುರುವಾದ ಗುಲ್ಬರ್ಗ ವಿಶ್ವವಿದ್ಯಾಲಯದ ಹೆಸರು ಈಗಲೂ ಅದೇ. 2009ಕ್ಕೆ ಮುಂಚಿನ ಪುಸ್ತಕಗಳಲ್ಲಿ ಸುರಪುರ, ಶಹಾಪುರ ಇರೋದು ಗುಲ್ಬರ್ಗ ಜಿಲ್ಲೆಯಲ್ಲಿ, ಯಾದಗಿರಿಯಲ್ಲಲ್ಲ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಅಂತ ಎರಡು ತಾಸು ಜಗಳ ಆಡಿದರು ನೋಡಿ, ಸಂಪಾದನೆ ಅಂದರೆ ಏನು ಅಂತ ಅವತ್ತು ಕಲಿತರು. ನನ್ನ ಭಾಷಣದಿಂದ ಅಲ್ಲ.

ಗುಂಪು ಒಡೆಯುವುದು ಬರೆದದ್ದು ಅಳಿಸಿಹೋದಾಗ. ಆ ಏಳನೆಯ ಹುಡುಗಿ ಮನೆಯಲ್ಲಿ ಖಾತೆ ಮಾಡಿಕೊಂಡು, ತನ್ನೂರಿನ ಗುಡಿಯ ಬಗ್ಗೆ ಎರಡು ಪುಟ ಹಾಕಿದಳು. ಮರುದಿನ ಪುಟವೇ ಇಲ್ಲ. "ಯಾರೋ ಬೇಕಂತಲೇ ತೆಗದಾರ್ರಿ" ಅಂದವಳು ಎರಡು ವಾರ ಈ ಕಡೆ ಸುಳಿಯಲಿಲ್ಲ. ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಜಾತ್ರೆಯ ಪುಸ್ತಿಕೆಯಿಂದ ಒಂದಕ್ಷರ ಬಿಡದೆ ಇಳಿಸಿದ್ದಳು. ವಿಕಿಪೀಡಿಯದ ಬರಹವನ್ನು ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಅಚ್ಚು ಹಾಕಿ ಮಾರಲೂಬಹುದು. ಇನ್ನೊಬ್ಬರ ಬರಹವನ್ನು ಹಾಗೆ ದಾನ ಮಾಡಲು ನಾವ್ಯಾರು? ಅಳಿಸಿದವರೂ ಸಂಬಳ ಇಲ್ಲದೆ ದುಡಿಯುವವರೇ ಅಂತ ಕೇಳಿದಾಗ ಅವಳ ಮುಖ ಸಡಿಲವಾಯಿತು. ಅವರ ಚರ್ಚೆ ಪುಟದಲ್ಲಿ ಇಬ್ಬರೂ ಸೇರಿ ಒಂದು ಪ್ರಶ್ನೆ ಬರೆದೆವು. ಸಂಜೆಗೆ ಉತ್ತರ ಬಂತು, ಮೃದುವಾಗಿಯೇ. ಆಮೇಲೆ ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆದು ನೋಡುವ ಪುಟದಲ್ಲಿ, ಅವಳೇ ಹೊಸದಾಗಿ ಬರೆದಳು. ಬರೀ ನಾಲ್ಕು ವಾಕ್ಯ. ನಾಲ್ಕಕ್ಕೂ ಗ್ಯಾಸೆಟಿಯರಿನ, ಅಂದರೆ ಸರ್ಕಾರ ತರುವ ಜಿಲ್ಲಾ ಮಾಹಿತಿ ಪುಸ್ತಕದ ಆಧಾರ. ಅಚ್ಚಾದ ಆಧಾರ ಇಲ್ಲ ಅಂತ ಅಜ್ಜ ಹೇಳಿದ ಕಥೆಯನ್ನು ಬಿಡಬೇಕಾಗಿ ಬಂದದ್ದಕ್ಕೆ ಮಾತ್ರ ಅವಳಿಗೆ ಈಗಲೂ ಬೇಜಾರಿದೆ. ನನಗೂ ಇದೆ, ನಿಯಮ ನಿಯಮವೇ.

ಅವತ್ತಿನಿಂದ ಹೊಸಬರನ್ನು ಒಬ್ಬರನ್ನೇ ಬಿಡುವುದಿಲ್ಲ, ಹಳಬರ ಜೊತೆ ಜೋಡಿ ಹಾಕುತ್ತೇನೆ. ಎಲ್ಲರೂ ಒಟ್ಟಿಗೆ ಕೂತು ಲೇಖನ ಬರೆಯುವ, ತಿದ್ದುವ ಸಂಪಾದನೋತ್ಸವ ಮಾಡುವ ಮುಂಚೆ ಅರಳಿ ಕಟ್ಟೆಯಲ್ಲಿ ಒಂದು ಮಾತು ಹಾಕುತ್ತೇನೆ. ಕನ್ನಡ ವಿಕಿಪೀಡಿಯದ ಸಮುದಾಯ ಮಾತಾಡುವ ಪುಟದ ಹೆಸರೇ ಅದು. ಇಂಥ ದಿನ ಇಷ್ಟು ಹೊಸಬರು ಬರುತ್ತಾರೆ ಅಂತ ಗೊತ್ತಿದ್ದರೆ ಅಲ್ಲಿನ ಹಳಬರೂ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳುತ್ತಾರೆ.

ಬಹುಮಾನ ಬೇಡ. ಜಾಸ್ತಿ ಲೇಖನ ಬರೆದವರಿಗೆ ಬಹುಮಾನ ಅಂತ ಒಮ್ಮೆ ಸಾರಿದೆ. ಎರಡೆರಡು ಸಾಲಿನ ಲೇಖನಗಳು ಮಳೆ ಸುರಿದ ಹಾಗೆ ಬಂದವು. ಅದನ್ನು ಗುಡಿಸಲು ನಮಗೆ ಮೂರು ತಿಂಗಳು ಬೇಕಾಯಿತು.

ಬರೆಯಲು ಆಗದವರೂ ಇರುತ್ತಾರೆ. ಬೀದರಿನ ಒಬ್ಬ ಹುಡುಗ ಹೀಗೇ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಫೋಟೊ ತೆಗಿತೀಯಾ ಅಂದೆ. ವಾಟ್ಸಾಪಿನಲ್ಲಿ ಬಂದ ಚಿತ್ರ ನಡೆಯುವುದಿಲ್ಲ, ನೀನೇ ತೆಗೆದದ್ದಾಗಬೇಕು ಅಂತಲೂ ಹೇಳಿದೆ. ಊರಿಗೆ ಹೋಗಿ ಬಿದರಿ ಕೆಲಸದ (ಕಪ್ಪು ಲೋಹದ ಮೇಲೆ ಬೆಳ್ಳಿಯ ಕುಸುರಿ) ಕಾರ್ಖಾನೆಯಲ್ಲಿ ಅರ್ಧ ದಿನ ನಿಂತು ಬಂದ. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕುವ ಕೈ, ಸತುವಿನ ಹೂಜಿಯ ಮೈ ಕಪ್ಪಾಗಿ ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿದದ್ದು, ಎಲ್ಲ ಇದ್ದವು. ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸಿಗೆ ಏರಿಸುವಾಗ ಪ್ರತಿ ಚಿತ್ರಕ್ಕೂ ವಿವರ ಬರೆಯಬೇಕು. ಒಂಬತ್ತು ಚಿತ್ರ, ಒಂಬತ್ತು ವಿವರ. ಬರೆಯಲು ಬರುವುದಿಲ್ಲ ಅಂದಿದ್ದ ಹುಡುಗ ಬಿದರಿ ಲೇಖನದಲ್ಲಿ ಕಪ್ಪು ಬಣ್ಣದ ಬಗ್ಗೆ ಬರೆದದ್ದು ಸಾಲದು ಅಂತ ಈಗ ಚರ್ಚೆ ಪುಟದಲ್ಲಿ ತಕರಾರು ತೆಗೆದಿದ್ದಾನೆ.