ಎಲ್‌ಡಿ50: ಮದ್ದಿನ ಡಬ್ಬಿಯ ಬಣ್ಣದ ಹಿಂದಿರುವ ಸಂಖ್ಯೆ

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ವಿಷ ಎಂಬ ಮಾತು ಕೇಳಿಬರುವುದೇ ಅಪರೂಪ. ‘ಮದ್ದು ಹೊಡೆಯಬೇಕು’, ‘ಔಷಧಿ ತರಬೇಕು’ ಎನ್ನುತ್ತೇವೆ. ಕೊಳೆರೋಗಕ್ಕೆ ಸುಣ್ಣದ ಜೊತೆ ಕದಡುವ ಮೈಲುತುತ್ತವೂ ಮದ್ದೇ, ಕಳೆ ಸುಡುವುದೂ ಮದ್ದೇ, ಜ್ವರಕ್ಕೆ ನುಂಗುವುದೂ ಮದ್ದೇ. ಹೋದ ವರ್ಷ ಪೇಟೆಯ ಅಂಗಡಿಯೊಂದರಲ್ಲಿ ಕಳೆನಾಶಕದ ಡಬ್ಬಿ ಕೈಗಿಡುತ್ತ, ‘ಹೆದರಬೇಡಿ ಹೆಗಡೆಯವರೇ, ಹಸಿರು ಬಣ್ಣದ್ದು, ಏನೂ ಆಗುವುದಿಲ್ಲ’ ಎಂದರು. ಆ ‘ಏನೂ ಆಗುವುದಿಲ್ಲ’ ನನ್ನನ್ನು ಬಹಳ ದಿನ ಕಾಡಿತು. ಹಸಿರು ಅಷ್ಟು ದೊಡ್ಡ ಭರವಸೆ ಕೊಡುತ್ತದೆಯೇ?

ಬಣ್ಣದ ಹಿಂದಿರುವುದು ಎಲ್‌ಡಿ50 ಎಂಬ ಅಳತೆ. ಎಲ್‌ಡಿ ಎಂದರೆ ಲೀಥಲ್ ಡೋಸ್, ಮಾರಕ ಪ್ರಮಾಣ. ಪ್ರಯೋಗದ ಪ್ರಾಣಿಗಳಿಗೆ, ಹೆಚ್ಚಾಗಿ ಇಲಿಗಳಿಗೆ, ಒಂದು ವಸ್ತುವನ್ನು ಒಂದೇ ಸಲ ಕೊಟ್ಟಾಗ ಎಷ್ಟು ಕೊಟ್ಟರೆ ಅರ್ಧದಷ್ಟು ಸಾಯುತ್ತವೆಯೋ ಅಷ್ಟೇ ಅದರ ಎಲ್‌ಡಿ50. ದೇಹತೂಕದ ಒಂದು ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ. ಅಡುಗೆ ಉಪ್ಪಿಗೆ ಇದು ಸುಮಾರು 3,000. ಅಂದರೆ 200 ಗ್ರಾಂ ತೂಗುವ ಇಲಿಗೆ 600 ಮಿಲಿಗ್ರಾಂ ಉಪ್ಪು. ಕಾಫಿಯೊಳಗಿನ ಕೆಫೀನ್‌ಗೆ ಸುಮಾರು 200. ಅದೇ ಇಲಿಗೆ 40 ಮಿಲಿಗ್ರಾಂ. ಸಂಖ್ಯೆ ಇಳಿದಷ್ಟೂ ವಿಷ ಏರುತ್ತದೆ. ಇಲ್ಲಿಯೇ ಬಹಳ ಮಂದಿ ತಪ್ಪುವುದು.

ಅರ್ಧವೇ ಏಕೆ? ಒಂದೇ ಗೂಡಿನ ಇಲಿಗಳಲ್ಲೂ ಸೊರಗಿದ್ದು, ಗಟ್ಟಿಯಾದದ್ದು ಇದ್ದೇ ಇರುತ್ತವೆ. ಮೊದಲು ಸಾಯುವುದನ್ನೋ ಕೊನೆಗೆ ಸಾಯುವುದನ್ನೋ ನೋಡಿದರೆ ಲೆಕ್ಕ ಪ್ರತಿ ಸಲ ಬದಲಾಗುತ್ತದೆ; ನಡುವಿನದು ಹೆಚ್ಚು ಸ್ಥಿರ. 1927ರಲ್ಲಿ ಬ್ರಿಟನ್ನಿನ ಜೆ. ಡಬ್ಲ್ಯು. ಟ್ರೆವನ್ ಈ ಅಳತೆಯನ್ನು ರೂಪಿಸಿದ್ದು ಕೀಟನಾಶಕಕ್ಕಾಗಿ ಅಲ್ಲ, ಡಿಜಿಟಾಲಿಸ್, ಇನ್ಸುಲಿನ್‌ನಂಥ ಔಷಧಗಳ ಬಲವನ್ನು ಅಳೆಯಲು. ಮದ್ದು ಎಂಬ ನಮ್ಮ ಪದದಂತೆ ಇದಕ್ಕೂ ಎರಡು ಮುಖ. ಬಹಳಷ್ಟು ಪ್ರಾಣಿಗಳನ್ನು ಬಲಿ ಕೊಡುತ್ತಿದ್ದ ಹಳೆಯ ಪರೀಕ್ಷಾ ವಿಧಾನವನ್ನು, ಇಂಥ ಪರೀಕ್ಷೆಗಳಿಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿ 2002ರಲ್ಲಿ ಕೈಬಿಟ್ಟಿತು. ಈಗ ಕೆಲವೇ ಪ್ರಾಣಿಗಳಲ್ಲಿ ಅಂದಾಜು ಮಾಡುತ್ತಾರೆ.

ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದಿರುತ್ತದೆ. ಅದರ ಕೆಳಗಿನ ತ್ರಿಕೋನದಲ್ಲಿ ಬಣ್ಣ. ನಮ್ಮ ದೇಶದ 1971ರ ಕೀಟನಾಶಕ ನಿಯಮಗಳ ಪ್ರಕಾರ, ಹೊಟ್ಟೆಗೆ ಹೋದಾಗಿನ ಎಲ್‌ಡಿ50 50ರವರೆಗೆ ಇದ್ದರೆ ಕೆಂಪು, 500ರವರೆಗೆ ಹಳದಿ, 5,000ದವರೆಗೆ ನೀಲಿ, ಅದಕ್ಕೂ ಮೇಲಾದರೆ ಹಸಿರು. ಚರ್ಮದ ಮೂಲಕ ಇಳಿಯುವ ವಿಷಕ್ಕೆ ಬೇರೆಯೇ ಅಂಕಿಗಳಿವೆ. ಮರದ ತುದಿಯಲ್ಲಿ ಕುಳಿತು ಮದ್ದು ಹೊಡೆಯುವಾಗ ತೋಳು, ಕುತ್ತಿಗೆ, ಬೆನ್ನೆಲ್ಲ ತೊಯ್ದುಹೋಗುವ ಕೊನೆಗೌಡನಿಗೆ ಮುಖ್ಯವಾಗುವುದು ಆ ಎರಡನೆಯ ಲೆಕ್ಕ.

ಹಾಗಾದರೆ ಹಸಿರು ಹೇಳುವುದಿಷ್ಟು: ಒಂದೇ ಸಲ ನುಂಗಿದ ಇಲಿ ಬೇಗ ಸಾಯಲಿಲ್ಲ. ಪರೀಕ್ಷೆಯಲ್ಲಿ ಪ್ರಾಣಿಗಳನ್ನು ಸಾಮಾನ್ಯವಾಗಿ ಗಮನಿಸುವುದೇ 14 ದಿನ. ಇಪ್ಪತ್ತು ಮಳೆಗಾಲ ಅದನ್ನೇ ಹೊಡೆದವನ ಮೂತ್ರಪಿಂಡ, ನರ, ಹುಟ್ಟುವ ಮಗು ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕದ ಎಲ್‌ಡಿ50 ಸುಮಾರು 5,000. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿತು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪಲಿಲ್ಲ. ಯಾರು ಸರಿ ಎಂಬುದನ್ನು ಎಲ್‌ಡಿ50 ತೀರ್ಮಾನಿಸಲಾರದು. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕದ್ದು ಸುಮಾರು 150, ಅಂಕಿಯಲ್ಲಿ ಕೆಫೀನ್‌ನ ಆಸುಪಾಸು. ಆದರೆ ಅದು ದಿನಗಟ್ಟಲೆ ಶ್ವಾಸಕೋಶವನ್ನು ಹಾಳುಗೆಡಹುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ.

ತೋಟದ ಬಸಿಗಾಲುವೆಯಿಂದ ಅಘನಾಶಿನಿಗೆ ಇಳಿಯುವ ನೀರಿನ ಮೀನಿಗೂ ಇದು ಅನ್ವಯಿಸದು. ಮೀನಿಗೆ ಎಲ್‌ಸಿ50 ಎಂಬ ಇನ್ನೊಂದು ಅಳತೆಯಿದೆ: ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಇದ್ದರೆ, ಸಾಮಾನ್ಯವಾಗಿ 96 ಗಂಟೆಗಳಲ್ಲಿ, ಅರ್ಧ ಮೀನು ಸಾಯುತ್ತವೆ ಎಂದು. ನಾವು ನಿತ್ಯದ ಮದ್ದೆಂದು ನಂಬಿರುವ ಮೈಲುತುತ್ತದೊಳಗಿನ ತಾಮ್ರ ಮೀನಿಗೆ ಬಲು ಕಠಿಣ.

ಅದಕ್ಕೇ ಈಗ ನಾನು ಬಣ್ಣ ನೋಡಿದ ಮೇಲೆ ಒಳಗಿನ ಚೀಟಿಯನ್ನೂ ಬಿಡಿಸುತ್ತೇನೆ. ವಸ್ತುವಿನ ಹೆಸರು, ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ ಅಲ್ಲಿರುತ್ತವೆ. ಆ ಚೀಟಿ ಅಡಿಕೆ ಅಟ್ಟದ ಕಂಬಕ್ಕೆ ಸಿಕ್ಕಿಸಿರುತ್ತದೆ. ಯಾರಿಗಾದರೂ ತಲೆ ಸುತ್ತಿ ಆಸ್ಪತ್ರೆಗೆ ಓಡಬೇಕಾದರೆ ವೈದ್ಯರು ಮೊದಲು ಕೇಳುವುದು ‘ಯಾವ ಮದ್ದು?’ ಎಂದೇ.